ಅರ್ಧ ಸ್ವರ ಕೆಳಗೆ

ಡೊಕ್ಕುಮ್ ಊರಿನ ಕಾಲುವೆ ದಂಡೆ, ಬೇಕರಿಗೆ ಒತ್ತಿಕೊಂಡ ಮನೆ.
ಬಾಗಿಲು ತೆಗೆದವನು ಒಯೆನೆ ಹೂಕ್‌ಸ್ಟ್ರಾ,
ಕಾಲುವೆಯ ಎತ್ತುಸೇತುವೆಗೆ ಮೂವತ್ತು ವರ್ಷ ಕಾವಲಿದ್ದವನು.
ಈಗಲೂ ಮಾತಾಡುವ ಮುಂಚೆ ಎರಡೂ ಕಡೆ ನೋಡುತ್ತಾನೆ.

ಒಂಬತ್ತು ದಿನದಿಂದ ಅವನು ಆರ್ಗನ್ನಿನ ಸ್ವಿಚ್ಚು ಆರಿಸಿಲ್ಲ.
ಬಾಣಂತಿ ಕೋಣೆಯ ದೀಪದಂತೆ
ಹಗಲೂ ರಾತ್ರಿ ಒಂದು ಹಸಿರು ಚುಕ್ಕೆ.
ಪರದೆಯ ಮೇಲೆ ಒಂದೇ ಸಾಲು: ಬ್ಯಾಟರಿ ಮುಗಿಯುತ್ತಿದೆ.

ಕಾಸಿನಗಲದ ಬ್ಯಾಟರಿ. ನಾಲ್ಕು ಯೂರೋ.
ಬದಲಿಸಬೇಕೆಂದರೆ ಆರಿಸಬೇಕು,
ಆರಿಸಿದರೆ ಇಷ್ಟು ವರ್ಷ ಗುಂಡಿಗಳಿಗೆ ಕಲಿಸಿದ್ದೆಲ್ಲ
ಹೊಳೆಯಲ್ಲಿ ತೊಳೆದ ಹುಣಿಸೆಹಣ್ಣು.

ನನಗೆ ಇದು ಹೊಸತಲ್ಲ.
ಫ್ರಾನೇಕರಿನಲ್ಲಿ ಒಬ್ಬ ದಂತವೈದ್ಯ
ಒಂದು ಗುಂಡಿಗೂ ಹೆಸರಿಡದೆ ತೀರಿಕೊಂಡ.
ಮಕ್ಕಳು ಅರವತ್ತನಾಲ್ಕನ್ನೂ ಒತ್ತಿ ಒತ್ತಿ ಕೇಳಿ
ಇವುಗಳಲ್ಲಿ ಅಪ್ಪ ಯಾವುದು ಅಂದರು ನನ್ನನ್ನು.

ಫ್ಲಾಪಿ ಇದೆಯಾ ಅಂದೆ.
ಬಿಸ್ಕತ್ತಿನ ಡಬ್ಬಿಯಿಂದ ಎರಡು ತಂದ, ಒರೆಸಿ ಕೊಟ್ಟ.
ಒಲ್ಲೆ ಅಂದಿತು ಯಂತ್ರ.
ಮೂಲೆಯ ಪುಟ್ಟ ಚಿಲಕವನ್ನು ಉಗುರಲ್ಲಿ ಸರಿಸಿದೆ.
ಆಮೇಲೆ ಒಳಗೆಲ್ಲೋ ಇಲಿ ಕಾಗದ ಕಡಿಯುವ ಸದ್ದು.

ಉಳಿದದ್ದು ಸರಿಯಾಗಿ ಉಳಿದಿದೆಯೇ ಎಂದು
ಒಂದೊಂದನ್ನೂ ತೆರೆದು ನೋಡುವುದು ನನ್ನ ರೂಢಿ.
ಎಲ್ಲಕ್ಕೂ ಒಂದೇ ಹೆಸರು: ಗುರುವಾರ.
ಅದೇ ಕೊಳಲು, ಅದೇ ಮೆಲುದನಿ.
ಬದಲಾದದ್ದು ಶ್ರುತಿಯ ಅಂಕಿಯೊಂದೇ.
ಮೊದಲ ಗುರುವಾರ ಸೊನ್ನೆ.
ಆಮೇಲೊಂದು ಅರ್ಧ ಸ್ವರ ಕೆಳಗೆ,
ಆಮೇಲೆ ಎರಡು. ಮೂರು.
ನಾಲ್ಕಕ್ಕೆ ಇಳಿದಾಗ ಕಂಪನವನ್ನೂ ತೆಗೆದುಹಾಕಿದ್ದ.
ಯಾಕೆ ಅಂದೆ.
"ಅದು ದನಿಯಲ್ಲೇ ಬಂದಿತ್ತು" ಅಂದ.

ಈ ಕಸುಬಿನಲ್ಲಿ ಇಂಥ ಮಾತಿಗೆ ಅರ್ಥ ಒಂದೇ.
ಯಾರೆಂದು ಕೇಳಲಿಲ್ಲ.
ಸ್ಕ್ರೂಗಳನ್ನು ಸದ್ದಾಗದಂತೆ ತಟ್ಟೆಗೆ ಹಾಕುತ್ತಿದ್ದೆ.

ಅಷ್ಟರಲ್ಲಿ ಹಿತ್ತಲ ಬಾಗಿಲು ದಬಕ್ಕೆಂದಿತು.
ಮೊಣಕೈವರೆಗೆ ಹಿಟ್ಟು, ಎಂಬತ್ತೊಂದರ ಸ್ಯೌಕ್ಯೆ ದಾಂತುಮಾ:
"ಇವತ್ತು ಗುರುವಾರ ಅಲ್ಲವೇನೋ?
ಇದರ ಹೊಟ್ಟೆ ಯಾಕೆ ಬಗೆದಿದ್ದಾಳೆ ಈ ಹೆಂಗಸು?"

ಆರಿಸಿದೆ.
ಒಂಬತ್ತು ದಿನದ ಗುಂಯ್ ನಿಂತಾಗ
ಮನೆಗೆ ಕಿವಿ ಬಂತು: ಗಡಿಯಾರ, ಬೇಕರಿಯ ಒಲೆ,
ಕಾಲುವೆಯಲ್ಲಿ ಯಾರದೋ ದೋಣಿ.
ಹೊಸ ಬ್ಯಾಟರಿ ಕೂತಿತು. ಗುಂಡಿಗಳೆಲ್ಲ ಬರಿದು,
ನಾಚಿಕೆಯೇ ಇಲ್ಲದ ಬರಿದು.
ಫ್ಲಾಪಿ ತುರುಕಿದೆ. ಇಲಿ ಮತ್ತೆ ಕಡಿಯಿತು.
ಒಯೆನೆ ತುಟಿಯಲ್ಲೇ ಎಣಿಸುತ್ತಿದ್ದ.

ಬಂದವು. ಎಲ್ಲ ಗುರುವಾರಗಳೂ ಬಂದವು.

ಇನ್ನೊಂದು ಪ್ರತಿ ಮಾಡಿ ಬೇರೆ ಮನೆಯಲ್ಲಿಡಿ,
ಒಂದೇ ಸೂರಿಗೆ ಬೆಂಕಿ ಬಿದ್ದರೆ ಎರಡೂ ಹೋಗಬಾರದು ಅಂದೆ.
ನನಗೇ ಹೇಳಿಕೊಡುತ್ತೀಯಾ ಎಂಬಂತೆ ನಕ್ಕಳು ಸ್ಯೌಕ್ಯೆ.
ಅವಳ ಬ್ರೆಡ್ಡಿನ ಹುಳಿಹಿಟ್ಟಿನ ಒಂದು ಮುದ್ದೆ
ಈ ಮನೆಯ ಫ್ರಿಜ್ಜಿನಲ್ಲಿದೆ, ನಲವತ್ತು ವರ್ಷದಿಂದ,
ವಾರಕ್ಕೊಮ್ಮೆ ಅದಕ್ಕೆ ಹಿಟ್ಟುಣಿಸುವವನು ಇವನು.
"ಹೆಪ್ಪು ಅಂದರೆ ಹೆಪ್ಪು" ಎಂದು
ಎರಡನೆಯ ಫ್ಲಾಪಿಯನ್ನು ಏಪ್ರನ್ನಿನ ಜೇಬಿಗಿಳಿಸಿದಳು.

ಕೊನೆಯ ಗುರುವಾರವನ್ನು ಒತ್ತಿದ. ಹಾಡಿದಳು.
ಎರಡು ಸಾಲು ದಾಟಿತು. ಮೂರನೆಯದರ ಏರಿನಲ್ಲಿ ನಿಂತಳು,
ಗಂಟಲಿಗೆ ಕೈ ಹೋಯಿತು, ಅಲ್ಲೂ ಹಿಟ್ಟು ಮೆತ್ತಿತು.
"ಇನ್ನೊಂದು ಅರ್ಧ" ಅಂದಳು,
ಸಕ್ಕರೆ ಕೇಳುವ ದನಿಯಲ್ಲಿ.

ಐದಕ್ಕಿಳಿಸಿದ. ಏರು ದಾಟಿತು.
ಪಕ್ಕದ ಖಾಲಿ ಗುಂಡಿಯನ್ನು ಒತ್ತಿ ಹಿಡಿದ, ದೀಪ ಕಚ್ಚುವವರೆಗೆ.
ಹೆಸರು ಕೇಳಿತು ಯಂತ್ರ. ನಿಮಗೆ ಗೊತ್ತಿರುವುದನ್ನೇ ಬರೆದ.

ಈಗಷ್ಟೇ ಮಾಡಿದ ಎರಡೂ ಪ್ರತಿ ಹಳತಾದವು.
ಅವಳ ಜೇಬಿನದನ್ನು ಇಸಿದುಕೊಂಡೆ,
ಮುಚ್ಚಿದ್ದ ಡಬ್ಬಿ ತೆರೆದೆ, ಮತ್ತೆ ಮೊದಲಿಂದ.

ಈ ಮಾದರಿಯಲ್ಲಿ ಶ್ರುತಿ ಆರಕ್ಕಿಂತ ಕೆಳಗಿಳಿಯುವುದಿಲ್ಲ.
ಅದನ್ನು ನಾನು ಹೇಳಲಿಲ್ಲ.
ವ್ಯಾನಿನವರೆಗೆ ಬಂದ ಒಯೆನೆ
ಎರಡೂ ಕಡೆ ನೋಡಿ
"ಇನ್ನೂ ಒಂದಿದೆ" ಅಂದ.