ಏಳನೆಯ ಪಾಠದ ವೀಕ್ಷಣಾ ಹಾಳೆ

ಧಕ್ಕೆಯಿಂದ ಬೆಂಗ್ರೆಗೆ ದೋಣಿ.
ವಿಲ್ಮಾ ರೆಬೆಲ್ಲೊ ಸುರುಳಿ ಸುತ್ತಿ ತಂದ ಭೂಪಟಕ್ಕೆ
ನಾನು ಕೊಡೆ ಹಿಡಿದಿದ್ದೇನೆ.
ಮಳೆಯೇನಿಲ್ಲ, ಹೊಳೆಯ ಎರಚಲು.

ಆರನೆಯ ತರಗತಿ. ನನಗೆ ಹಿಂದಿನ ಬೆಂಚು,
ಮಂಡಿ ಗಲ್ಲಕ್ಕೆ ಬರುವಷ್ಟು ಗಿಡ್ಡ.
ತೊಡೆಯ ಮೇಲೆ ಬಿ.ಎಡ್. ಕಾಲೇಜಿನ ಹಾಳೆ:
ಪೀಠಿಕೆಗೆ ಐದು, ಕಪ್ಪುಹಲಗೆಗೆ ಐದು,
ಪ್ರಶ್ನಿಸುವ ಕೌಶಲಕ್ಕೆ ಹತ್ತು,
ಮಕ್ಕಳನ್ನು ಹೆಸರು ಹಿಡಿದು ಕರೆದರೆ ಎರಡು.
ಕಿಟಕಿಯಾಚೆ ಯಾರದೋ ಬಲೆ ಒಣಗುತ್ತಿದೆ.
ಆ ವಾಸನೆಗೆ ಕಾಲಂ ಇಲ್ಲ.

"ಸಮುದ್ರ ಯಾವ ದಿಕ್ಕಿಗೆ?" ಎಂದಳು ವಿಲ್ಮಾ.
ಪಾಠಯೋಜನೆಯಲ್ಲಿ ಅದಕ್ಕೆ ಅರ್ಧ ನಿಮಿಷ.
ನಿರೀಕ್ಷಿತ ಉತ್ತರ: ಪಶ್ಚಿಮ.
ಬಂತು, ಒಟ್ಟು ಗಂಟಲಿನಿಂದ,
ನಡುವೆ ನಾಲ್ಕೈದು 'ಪಡ್ಡಾಯಿ'ಗಳೂ.
ಮೂರನೆಯ ಸಾಲಿನ ಒಬ್ಬ ಮಾತ್ರ
ಎದ್ದು ನಿಂತು
"ಪೂರ್ಬ" ಎಂದ.

ನಗು.
"ಅವನಿಗೆ ಕನ್ನಡ ಬರುದಿಲ್ಲ ಟೀಚರ್,
ಐಸ್ ಪ್ಲಾಂಟಿನವರ ಹುಡುಗ."
ಹೇಳಿದವ ಮೆಂಡನ್‌ರ ಮಗ, ಕೇಡೇನಿಲ್ಲದೆ,
ದಾರಿ ಕೇಳಿದವರಿಗೆ ದಾರಿ ಹೇಳಿದಂತೆ.

ನಾನು ಪೆನ್ನಿನ ಮುಚ್ಚಳ ತೆಗೆದೆ.
ನಾನೇ ಹೇಳಿಕೊಟ್ಟದ್ದಲ್ಲವೆ:
ತಪ್ಪು ಉತ್ತರ ಬಂದರೆ ಗದರಬೇಡಿ,
ನಗುಮುಖದಿಂದ ಮುಂದಿನ ಮಗುವಿಗೆ ದಾಟಿ.
ವೈವಿಧ್ಯಮಯ ತರಗತಿ, ಘಟಕ ನಾಲ್ಕು,
ಹತ್ತು ಅಂಕಕ್ಕೆ ಖಂಡಿತ ಬರುವ ಪ್ರಶ್ನೆ.
ಆ ನೋಟ್ಸಿಗೆ ಹನ್ನೊಂದು ವರ್ಷ.
ಜೆರಾಕ್ಸಿನ ಜೆರಾಕ್ಸಿನಲ್ಲಿ ಸವೆದು
'ಮಗು' ಕೊಂಬು ಕಳೆದುಕೊಂಡು
'ಮಗ' ಆಗಿ ಕೂತಿದೆ.

ವಿಲ್ಮಾ ದಾಟಲಿಲ್ಲ.
ಚಾಕ್ ಕೆಳಗಿಟ್ಟು ಅವನ ಬೆಂಚಿಗೆ ಹೋಗಿ
ಕುಕ್ಕರುಗಾಲಲ್ಲಿ ಕೂತಳು, ಸಮವಸ್ತ್ರದ ಸೀರೆ ಮರಳಿಗೆ.
"ನಿರಾಕಾರ್," ಎಂದಳು
(ಉಳಿದವರಿಗೆ ಅವನು ಬರೀ 'ನೀರು'),
ಹರಕು ಹಿಂದಿಯಲ್ಲಿ ಏನೋ ಕೇಳಿದಳು.
ಅವನು ಭೂಪಟದ ಬಳಿ ಬಂದ. ಎಟುಕಲಿಲ್ಲ.
ಸ್ಟೂಲು ಬಂತು.
ದೇಶದ ಆ ಬದಿಗೆ,
ನಾವು ಪರೀಕ್ಷೆಗಲ್ಲದೆ ನೋಡದ ಬದಿಗೆ,
ಪಾರಾದೀಪದ ಹತ್ತಿರ ಎಲ್ಲೋ, ಬೆರಳಿಟ್ಟ.

"ಇವನ ಊರಲ್ಲಿ ಸೂರ್ಯ ಕಡಲಿನಿಂದ ಏಳುವುದಂತೆ."
ತರಗತಿ ಗಪ್ಪಾಯಿತು.
ಮೆಂಡನ್‌ರ ಮಗ ಸ್ವಲ್ಪ ಹೊತ್ತು ಯೋಚಿಸಿ,
"ಹಾಗಾದ್ರೆ ಅವರಿಗೆ ಬೆಳಿಗ್ಗೆ ದೋಣಿ ಹಾಕುವಾಗ
ಸೀದಾ ಕಣ್ಣಿಗೇ ಬಿಸಿಲಾ?"

ಅಲ್ಲಿಂದ ಯೋಜನೆ ಕೆಟ್ಟಿತು.
ನಫೀಸತ್‌ಗೆ ಪಶ್ಚಿಮವೆಂದರೆ ಅಜ್ಜಿ ಮುಸಲ್ಲ ಹಾಸುವ ಕಡೆ.
ದುರ್ಗವ್ವ, ಜೆಟ್ಟಿಯ ಕಾಂಕ್ರೀಟಿಗೆ ಬಂದವರ ಮಗಳು, ಎರಡೇ ತಿಂಗಳು:
"ನಮ್ಮೂರಾಗ ಯಾವ ದಿಕ್ಕಿಗೂ ಸಮುದ್ರ ಇಲ್ರಿ.
ಅಗಸಿ ದಾಟಿದ್ರ ಬಾವಿ, ಅಷ್ಟ."
ಇನ್ನೊಬ್ಬಳು: ಇಲ್ಲಿ ಎರಡೂ ಕಡೆ ನೀರಲ್ವಾ ಟೀಚರ್,
ಪಡುವಿಗೆ ಕಡಲು, ಮೂಡಿಗೆ ಹೊಳೆ,
ನಮ್ಮಮ್ಮ ಹೇಳುದು ನಮಗೆ ಎರಡು ಹಿತ್ತಿಲು ಅಂತ.
ಗಂಟೆ ಹೊಡೆಯಿತು. ಮೌಲ್ಯಮಾಪನ ಬಾಕಿ,
ಮನೆಗೆಲಸ ಬಾಕಿ, ಹಲಗೆಯ ಮೇಲೆ
ಒಂದೇ ಒಂದು ಬಾಣದ ಗುರುತು, ಅದೂ ಅರ್ಧ.

ಬ್ರಹ್ಮಾವರದ ಕಡೆ ನಾನು ಟೀಚರಾಗಿದ್ದಾಗ
"ನಿಮ್ಮ ಹಿರಿಯರ ಕಸುಬು ಬರೆಯಿರಿ" ಎಂದಿದ್ದೆ.
ಒಬ್ಬಳು ಖಾಲಿ ಹಾಳೆ ಕೊಟ್ಟಳು.
ಸೊನ್ನೆ ಹಾಕಿದೆ, ಕೆಂಪಿನಲ್ಲಿ, ದುಂಡಗೆ.
ಅವಳ ಹೆಸರು ನೆನಪಾಗುತ್ತಿಲ್ಲ,
ಬೆಂಗ್ರೆಯ ಮರಳಿನಲ್ಲಿ ನಡೆಯುತ್ತಾ
ಉದ್ದಕ್ಕೂ ಪ್ರಯತ್ನಿಸಿದೆ.

ಮರಳುವ ದೋಣಿಯಲ್ಲಿ ವಿಲ್ಮಾ ಉಗುರು ಕಚ್ಚುತ್ತಿದ್ದಳು.
"ಅರ್ಧ ಪಾಠವೂ ಆಗ್ಲಿಲ್ಲ ಮೇಡಂ."
ಹಾಳೆ ನನ್ನ ಚೀಲದಲ್ಲಿ, ಹಾಗೇ ಇತ್ತು.
"ಅವನ ಹತ್ರ ಹಿಂದಿಯಲ್ಲಿ ಎಂತ ಕೇಳಿದ್ದು ನೀನು?"
"ನೀನು ಎಲ್ಲಿ ನಿಂತು ನೋಡ್ತಾ ಇದ್ದಿ, ಅಂತ."

ದೋಣಿ ತಿರುಗಿತು.
ಎಡಗೆನ್ನೆಯ ಬಿಸಿಲು ಬಲಗೆನ್ನೆಗೆ ಬಂತು.
ಎರಚಲಿಗೆ ಭೂಪಟದ ಒಂದು ಮೂಲೆ ಒದ್ದೆಯಾಯಿತು,
ಕೊಡೆ ಆ ಹಿಂದಿನ ಬೆಂಚಿನಲ್ಲೇ ಬಿಟ್ಟು ಬಂದಿದ್ದೆ.