ಎರಡನೇ ದೀಪ

ಬ್ಯಾಡಗಿ ಪೇಟೆಯ ಬ್ಯಾಂಕಿನ ಹಿಂದಿನ ಖೋಲಿ.
ರೌಟರಿನ ಮೇಲೆ ಕೆಂಪು ಧೂಳು,
ಬೆರಳಿಟ್ಟರೆ ನೆತ್ತಿಗೇರುವ ಘಾಟು.
ಸೀನುತ್ತಲೇ ಪಾಸ್‌ವರ್ಡು ಕುಟ್ಟಿದೆ,
ಎರಡು ಸಲ ತಪ್ಪಿತು.

ಗೋಡೆಯಿಂದ ಬಂದದ್ದು ಒಂದೇ ತಂತಿ,
ಅದರೊಳಗೆ ಎರಡು ದಾರಿ.
ಒಂದರ ದೀಪ ಮುಂಜಾನೆಯಿಂದ ಹಸಿರು.
ಇನ್ನೊಂದು, ಕರೆದರಷ್ಟೇ ಏಳುವಂಥದು.
ಎದ್ದರೆ ಅದೂ ಒಂದು ಫೋನು,
ಪಲ್ಸಿಗಿಷ್ಟು ಅಂತ ದುಡ್ಡು.

ಯಾವಾಗ ಕರೆಯಬೇಕು?
ಆ ಒಂದು ಅಂಕಿ ಬರೆಯಲು
ಹುಬ್ಬಳ್ಳಿಯಿಂದ ಮೊದಲ ಪ್ಯಾಸೆಂಜರಿಗೆ ಬಂದಿದ್ದೆ.
ಇನ್ನೂರೈವತ್ತೈದು ಅಂದರೆ ತುಂಬಿದ ಹೊರೆ,
ಒಂದು ಅಂದರೆ ಇದ್ದೂ ಇಲ್ಲದಂತೆ.

ಹೋದ ತಿಂಗಳು ಅರವತ್ತಕ್ಕಿಟ್ಟವಳು ನಾನೇ.
ಕುಂಯ್ ಅಂದರೆ ಏಳುವ ಬಾಣಂತಿಯ ಹಾಗೆ
ದಿನಕ್ಕೆ ನೂರು ಸಲ ಎದ್ದು ಮಲಗಿತ್ತು ಎರಡನೇ ದೀಪ.
ಮ್ಯಾನೇಜರ್ ಹೊಂಬರಡಿ ಸಾಹೇಬರು
ಆ ಬಿಲ್ಲನ್ನೇ ಮಡಚಿ ಗಾಳಿ ಬೀಸಿಕೊಳ್ಳುತ್ತ,
"ಪೂರ್ತಿ ತುಂಬಿದ ಮ್ಯಾಲೇ ಕರೀಲಿ, ತಂಗೀ.
ಕೆಚ್ಚಲ ತುಂಬದ ಎಮ್ಮಿ ಯಾರರ ಹಿಂಡತಾರೇನು?"
ಇನ್ನೂರೈವತ್ತೈದೇ ಬರೆದೆ.

ಗುರುವಾರ, ಪೇಟೆಯ ದಿನ.
ಡಬ್ಬಿಯ ದರ ಬಿತ್ತು, ಕಡ್ಡಿಯದು ಬಿತ್ತು.
ಮೂರಕ್ಕೆ ದಲಾಲರೆಲ್ಲ ಚೆಕ್ಕು ಹಿಡಿದು
ಕೌಂಟರಿನ ಕಂಬಿಗೆ ಹಣೆ ಹಚ್ಚಿ ನಿಂತರು.
ಪರದೆಗಳ ಮೇಲೆ ಮರಳುಗಡಿಯಾರ.
ಹೊರೆ ಎಷ್ಟು? ಎಪ್ಪತ್ತೊಂದು, ಅಂತು ರೌಟರು.

ಅದು ಹೇಳುವುದು ಐದು ನಿಮಿಷದ ಸರಾಸರಿ.
ಊಟದ ಹೊತ್ತಿನ ಖಾಲಿತನ ಇನ್ನೂ ಅದರ ನೆನಪಿನಲ್ಲಿ.
ಸೋತೆನೆಂದು ಅದಕ್ಕೆ ತಿಳಿಯುವಷ್ಟರಲ್ಲಿ
ಜನ ಬೈದು ಮನೆ ಸೇರಿರುತ್ತಾರೆ.
ಐದು ನಿಮಿಷವನ್ನು ಮೂವತ್ತು ಸೆಕೆಂಡಿಗಿಳಿಸಿದೆ.

ಕಿಟಕಿಯಾಚೆ ಹಮಾಲ ದಾವಲಸಾಬ
ರಾತ್ರಿಯ ಇಬ್ಬನಿ ಕುಡಿದ ಚೀಲವೊಂದರ
ಕಿವಿ ಹಿಡಿದು ಅಲುಗಿಸಿದ. ಎತ್ತುವ ಮೊದಲೇ ಕೂಗಿದ:
"ಯಮನೂರ್ಯಾ, ಕೈ ಹಚ್ಚ!"
ಎತ್ತಿ ನೋಡಿ ಕರೆಯಬಾರದಾ, ಕೇಳಿದೆ.
"ಮೊಣಕಾಲ ನಡುಗಿದ ಮ್ಯಾಲೆ ಕರದ್ರ
ಅವ ಬರೂದು ನನ್ನ ಎತ್ತಾಕ್ರೀ, ಚೀಲ ಅಲ್ಲ."
ಹಂಗಾದ್ರ ಎಲ್ಲಾ ಚೀಲಕ್ಕೂ ಕರಿ.
"ಕೂಲಿ ಅರ್ಧಾ ಆಕ್ಕೇತಿ."
ನಕ್ಕ. ಹಲ್ಲೂ ಕೆಂಪು.

ನೂರೈವತ್ತು ಅಂತ ಬರೆದೆ.
ಹೋಗುವ ಕಡೆ, ಬರುವ ಕಡೆ, ಯಾವುದು ತುಂಬಿದರೂ ಸರಿ.
ಕೆಲಸ ಮುಗಿದರೂ ಎರಡು ನಿಮಿಷ ಇರಲಿ,
ಬಂದವನು ನೀರು ಕುಡಿಯುವಷ್ಟು.

ಮೂರೂ ಇಪ್ಪತ್ತಕ್ಕೆ ಎರಡನೇ ದೀಪ
ಒಮ್ಮೆ ಕಣ್ಣು ಪಿಳುಕಿಸಿ ಹಸಿರಾಗಿ ನಿಂತಿತು.
ಮರಳುಗಡಿಯಾರ ಮಾಯ.
ಯಾರೂ ತಿರುಗಿ ನೋಡಲಿಲ್ಲ.
ಹೊಂಬರಡಿ ಸಾಹೇಬರು ಮಾತ್ರ ಕೈಗಡಿಯಾರ ನೋಡಿಕೊಂಡರು.

ಐದೂವರೆಗೆ ಅದು ತಾನೇ ಆರಿತು.
ಹೊರಗೆ ಯಮನೂರಪ್ಪ ಖಾಲಿ ಚೀಲದ ಮೇಲೆ ಕೂತು
ಅಂಗೈಯಲ್ಲಿ ಸುಣ್ಣ ತಿಕ್ಕುತ್ತಿದ್ದ,
ಒಂದು ಕಿವಿ ದಾವಲಸಾಬನ ಕಡೆಗಿಟ್ಟು.
ನನ್ನ ತಂತಿಯನ್ನು ಕರೆಯದಿದ್ದರೆ ಉಳಿತಾಯ.
ಇವನನ್ನು ಕರೆಯದಿದ್ದರೆ?

ಈ ಲೆಕ್ಕಕ್ಕೆ ಎಷ್ಟು ಬರೆಯಬೇಕಿತ್ತು ಅಂತ
ಹಾವೇರಿ ದಾಟುವವರೆಗೂ ಯೋಚಿಸಿದೆ.
ಆಮೇಲೆ ಮತ್ತೆ ಸೀನು ಬಂತು,
ಎದುರು ಕೂತವರಿಗೂ.