ಒಂದರಿಂದ ಐದರೊಳಗೆ

ಮೂರು ದೇಶದಿಂದ ಐವರು ಬಂದಿದ್ದಾರೆ ಈ ಸಲ.
ನಾರ್ವೆಯವನ ಮೂಗು ಬಿಸಿಲಿಗೆ ಸುಲಿದಿದೆ.
ಚಿಲಿಯವಳು ಒಣಮೀನಿನ ವಾಸನೆಗೆ ನಕ್ಕು
ನಮ್ಮೂರೂ ಹೀಗೇ, ಅನ್ನುತ್ತಾಳೆ.
ಜಪಾನಿನವರು ಚಪ್ಪಲಿ ಬಿಟ್ಟೇ ಒಳಗೆ ಬರುತ್ತಾರೆ,
ಒಳಗು ಎಂಬುದೇ ಉಳಿಯದ ಮನೆಗೂ.
ಪ್ರಶ್ನೆಗಳು ಎಂಬತ್ತನಾಲ್ಕು.
ನಾನು ನಡುವೆ ಕೂತವಳು,
ದಿನಕ್ಕೆ ಆರುನೂರು ಪೆಸೊ, ಮಧ್ಯಾಹ್ನದ ಊಟ;
ಅವರ ಮಾತನ್ನು ವಾರಾಯ್‌ಗೆ, ನಮ್ಮದನ್ನು ಅವರಿಗೆ
ಸೋಸಿ ಸುರಿಯುವ ಕೊಳವೆ.

ಊರಿಗೆ ಅಭ್ಯಾಸವಾಗಿದೆ.
ಮಕ್ಕಳು ತೆಂಗಿನ ಸೋಗೆ ಕಂಕುಳಲ್ಲಿಟ್ಟು
ಸಮೀಕ್ಷೆ ಆಟ ಆಡುತ್ತವೆ:
ನಿಮ್ಮ ಮನೇಲಿ ಎಷ್ಟು ಜನ ಸತ್ತರು?
ಇಲ್ಲಿ ಸಹಿ ಹಾಕಿ. ಸೋಪು ತಗೊಳ್ಳಿ.

ನಲವತ್ತೊಂದು, ಮಾನಾ ಪ್ರಿಮಿತಿವಾಳಿಗೆ:
ನೆರೆಯವರ ಮೇಲೆ ನಿಮಗೆಷ್ಟು ನಂಬಿಕೆ?
ಒಂದರಿಂದ ಐದರೊಳಗೆ ಹೇಳಿ.
ಮೀನಿನ ಹೊಟ್ಟೆ ಸೀಳುತ್ತಲೇ ಅವಳು ಅಂದಳು:
ನನ್ನ ಬಾಗಿಲು ತೇಲಿಹೋಗಿ
ಎಲ್ಪಿಡಿಯೊನ ಬೇಲಿಗೆ ಸಿಕ್ಕಿಕೊಂಡಿತು.
ಅವನು ನಾಲ್ಕು ಕಾಲು ಬಡಿದು ಮೇಜು ಮಾಡಿಕೊಂಡ.
ನನ್ನ ಕೇಳಲಿಲ್ಲ. ನಾನೂ ಕೇಳಲಿಲ್ಲ.
ಭಾನುವಾರ ಬಲಿಪೂಜೆ ಮುಗಿಸಿ
ಅವನಲ್ಲಿಗೆ ಹೋಗಿ ಅದರ ಮೇಲೇ ಉಣ್ಣುತ್ತೇನೆ.
ಚಿಲಕ ಹಾಗೇ ಇದೆ, ಅನ್ನದ ತಟ್ಟೆಯ ಪಕ್ಕ,
ರಾತ್ರಿ ನನ್ನ ಗಂಡ ಹಾಕುತ್ತಿದ್ದ ಚಿಲಕ.
ಎಲ್ಪಿಡಿಯೊ ಅದನ್ನು ಕಿತ್ತಿಲ್ಲ.
ಈಗ ನೀನೇ ಹೇಳು, ಎಷ್ಟು?

ನಾರ್ವೆಯವನು ಪೆನ್ನೆತ್ತಿ ಕಾದ.
ಎಲ್ಲ ಹೇಳಿದೆ, ಚಿಲಕ ಸಮೇತ.
ತುಸು ಹೊತ್ತು ಕಡಲು ನೋಡಿ
ಮೂರಕ್ಕೆ ಸುತ್ತು ಹಾಕಿದ,
ಆಮೇಲೆ ಅದನ್ನು ಹೊಡೆದು ನಾಲ್ಕಕ್ಕೆ.
ಕೆಟ್ಟವನಲ್ಲ.

ಐವತ್ತೇಳು: ಮುನ್ನೆಚ್ಚರಿಕೆ ತಲುಪಿತ್ತೆ?
ತಲುಪದೇನು, ರೇಡಿಯೋ ಬೆಳಗಿನಿಂದ ಅರಚುತ್ತಿತ್ತು.
ಗಾಳಿ ಅಂತ ಗೊತ್ತಿತ್ತು, ಗಾಳಿಗೆ ಹೆದರುವವರೇ ನಾವು?
ಸೂರಿಗೆ ಹಗ್ಗ ಬಿಗಿದೆವು, ಹಂದಿಯನ್ನು ಒಳಗೆ ಕಟ್ಟಿದೆವು.
ಜೊತೆಗೊಂದು ಇಂಗ್ಲಿಷ್ ಮಾತು, ಮತ್ತೆ ಮತ್ತೆ ಅದೇ.
ಯಾವುದೋ ಹಡಗಿನ ಹೆಸರಿರಬೇಕು, ಅಂದ ನನ್ನ ಗಂಡ.
ಕಡಲು ಎದ್ದು ಊರೊಳಗೆ ನಡೆದು ಬರುತ್ತದೆ
ಅಂತ ನಮ್ಮ ಮಾತಲ್ಲಿ ಒಬ್ಬರು ಅಂದಿದ್ದರೆ
ಗುಡ್ಡ ಎಷ್ಟು ದೂರ?
ಒಂದು ಚುಟ್ಟಾ ಸೇದಿ ಮುಗಿಸುವಷ್ಟರಲ್ಲಿ
ಕಳ್ಳಿಳಿಸುವ ಮುದುಕನೂ ಹತ್ತುತ್ತಾನೆ.

ಇದನ್ನೂ ಅನುವಾದಿಸಿದೆ, ಒಂದು ತಪ್ಪಿಲ್ಲದೆ.
ಐವರೂ ಬರೆದುಕೊಂಡರು. ಚಿಲಿಯವಳು ಅಡಿಗೆರೆ ಎಳೆದಳು,
ಎರಡು ಸಲ.

ನನಗೆ ಆ ಮಾತಿನ ಅರ್ಥ ಗೊತ್ತಿತ್ತು.
ಪೇಟೆಯ ಕಾಲೇಜಿನ ಪುಸ್ತಕದ ಅಂಚಿನಲ್ಲಿ
ಪೆನ್ಸಿಲಲ್ಲಿ ಬರೆದುಕೊಂಡಿದ್ದೆ.
ಆ ರಾತ್ರಿ ಅಮ್ಮ ಫೋನು ಮಾಡಿ
ರೇಡಿಯೋ ಏನೋ ಅಂತಿದೆಯಲ್ಲೇ, ಏನದು, ಅಂದಾಗ
ಮಾರನೆಯ ದಿನ ಪರೀಕ್ಷೆ.
ಏನಿಲ್ಲಮ್ಮ, ದೊಡ್ಡ ಅಲೆ, ಅಂದೆ.

ದೊಡ್ಡ ಅಲೆ.
ಅಲೆ ಅಂದರೆ ನಮ್ಮೂರಲ್ಲಿ
ದಿನಾ ಬಂದು ಹೋಗುವುದು.

ದುಭಾಷಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.
ಅಧ್ಯಯನದ ನಿಯಮ, ಮೊದಲ ದಿನವೇ ಸಹಿ ಹಾಕಿದ್ದೇನೆ.

ಎಂಬತ್ತನಾಲ್ಕು: ಇನ್ನೇನಾದರೂ ಹೇಳುವುದಿದೆಯೆ?
ಮಾನಾ ಪ್ರಿಮಿತಿವಾ ಕೈ ತೊಳೆದಳು.
ಹುರುಪೆ ಅಂಟಿದ ಮುಂಗೈಯಿಂದ ಕೂದಲು ಹಿಂದಕ್ಕೆ ತಳ್ಳಿ
ಅವರನ್ನಲ್ಲ, ನನ್ನನ್ನು ನೋಡಿದಳು.
ಭಾನುವಾರ ಬರಹೇಳು ಇವರಿಗೆ,
ಬಾಗಿಲಿಗೆ ಆರು ಜನ ಹಿಡಿಸುತ್ತಾರೆ, ಒತ್ತಿಕೊಂಡರೆ ಎಂಟು.
ನೀನೂ ಬಾ.
ನಿಮ್ಮಮ್ಮ ಕೂರುತ್ತಿದ್ದ ಕಡೆ ಕೂತರಾಯಿತು.

ಊಟಕ್ಕೆ ಕರೆಯುತ್ತಿದ್ದಾಳೆ, ಅಂದೆ.
ಅಷ್ಟೇನಾ, ಅಂದ ನಾರ್ವೆಯವನು,
ತುಂಬ ಹೊತ್ತು ಮಾತಾಡಿದಳಲ್ಲ.
ಅಷ್ಟೇ, ಅಂದೆ.